ಎಂಜಿಬಿಗೆ ರೋವರ್ ವಿ8 ಎಂಜಿನ್ ಹಾಕುವುದು ಹೇಗೆ

ಹಳೆಯ ಸ್ಪೋರ್ಟ್ಸ್ ಕಾರಿಗೆ ಬೇರೆ ಎಂಜಿನ್ ಹಾಕಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಚ್‌ಪಿ ಬರುತ್ತದೆ? ದಯವಿಟ್ಟು ಆ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎಂಜಿನ್ ಕೂರಲು ಜಾಗ ಇದೆಯಾ, ಅದರಿಂದ ಬರುವ ಬಿಸಿ ಹೊರಗೆ ಹೋಗಲು ದಾರಿ ಇದೆಯಾ, ಇವೆರಡನ್ನು ಮೊದಲು ನೋಡಿ. ಇವು ಸರಿಯಿದ್ದರೆ ಕಾರು ವರ್ಷಗಟ್ಟಲೆ ಓಡುತ್ತದೆ. ಸರಿಯಿಲ್ಲದಿದ್ದರೆ ಎಷ್ಟು ಶಕ್ತಿಯ ಎಂಜಿನ್ ಇದ್ದರೂ ಟ್ರಾಫಿಕ್ಕಿನಲ್ಲಿ ಬಾನೆಟ್ ಎತ್ತಿಕೊಂಡು ನಿಲ್ಲಬೇಕಾಗುತ್ತದೆ.

ನಾನಿಲ್ಲಿ ಹೇಳುತ್ತಿರುವುದು ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರಾದ ಎಂಜಿಬಿ ಬಗ್ಗೆ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಫ್ಯಾಕ್ಟರಿಯಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು, ಐದು ಲಕ್ಷಕ್ಕೂ ಜಾಸ್ತಿ ಹೊರಬಂದವು. ಹಾಗಾಗಿ ಇವತ್ತಿಗೂ ಕಾರು ಸಿಗುತ್ತದೆ, ಬಿಡಿಭಾಗ ಸಿಗುತ್ತದೆ. ಅದರ ಮೂಲ ಎಂಜಿನ್ 1798 ಸಿಸಿಯ ನಾಲ್ಕು ಸಿಲಿಂಡರಿನದು, ಇಡೀ ಬ್ಲಾಕು ಎರಕದ ಕಬ್ಬಿಣ. ಗಟ್ಟಿ ಎಂಜಿನ್ನೇ, ಆದರೆ ಶುರುವಿನ ಕಾರುಗಳಲ್ಲಿ ಸುಮಾರು 95 ಎಚ್‌ಪಿ, ಅಷ್ಟೇ.

ಇದಕ್ಕೆ ಬ್ರಿಟನ್ನಿನ ರೋವರ್ ಕಂಪನಿಯ ವಿ8, ಅಂದರೆ ಎಂಟು ಸಿಲಿಂಡರು ವಿ ಆಕಾರದಲ್ಲಿ ಎರಡು ಸಾಲಾಗಿರುವ ಎಂಜಿನ್, ಯಾಕೆ ಅಂದರೆ, ಆ ಎಂಜಿನ್ ಪೂರ್ತಿ ಅಲ್ಯೂಮಿನಿಯಂ. ಅಮೆರಿಕದ ಬ್ಯೂಕ್ ಕಂಪನಿ 1961ರಲ್ಲಿ ತಂದು 1963ರ ನಂತರ ಕೈಬಿಟ್ಟ ಎಂಜಿನ್ ಅದು. ಅದರ ಹಕ್ಕನ್ನು ರೋವರ್ ಕೊಂಡುಕೊಂಡಿತು, 1967ರಲ್ಲಿ ತನ್ನ ಕಾರಿಗೆ ಹಾಕಿತು, ಆಮೇಲೆ ರೇಂಜ್ ರೋವರ್‌ಗೂ ಹಾಕಿತು, 2004ರ ಹೊತ್ತಿನವರೆಗೂ ಬೇರೆ ಬೇರೆ ಅಳತೆಯಲ್ಲಿ ಮಾಡುತ್ತಲೇ ಇತ್ತು. ಎಂಟು ಸಿಲಿಂಡರ್, 3528 ಸಿಸಿ ಇದ್ದರೂ ತೂಕದಲ್ಲಿ ಎಂಜಿಬಿಯ ಕಬ್ಬಿಣದ ಎಂಜಿನ್ನಿಗಿಂತ ಜಾಸ್ತಿಯಿಲ್ಲ, ಒಂದಷ್ಟು ಕಮ್ಮಿಯೇ. ಇಡೀ ಕೆಲಸದ ಜೀವಾಳ ಇದೇ. ಮೂತಿ ಭಾರವಾದ ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ತಿರುಗಲು ಒಪ್ಪುವುದಿಲ್ಲ. ಎಂಜಿ ಕಂಪನಿಯೇ ಎಂಜಿಸಿ ಅಂತ ಆರು ಸಿಲಿಂಡರಿನ ಭಾರದ ಎಂಜಿನ್ ಹಾಕಿ ಒಂದು ಕಾರು ಮಾಡಿತ್ತು, 1967ರಿಂದ 1969ರವರೆಗೆ. ಅದರ ಮೇಲೆ ಬಂದ ದೊಡ್ಡ ದೂರು ಇದೇ: ಮುಂಭಾಗ ಭಾರ.

ಇನ್ನೊಂದು ಕಾರಣ, ಈ ದಾರಿಯಲ್ಲಿ ಈಗಾಗಲೇ ಜನ ನಡೆದಿದ್ದಾರೆ. ಕೆನ್ ಕಾಸ್ಟೆಲೊ ಎಂಬ ರೇಸ್ ಚಾಲಕ 1970ರ ಆಸುಪಾಸಿನಲ್ಲಿ ಎಂಜಿಬಿಗಳಿಗೆ ಈ ಎಂಜಿನ್ ಹಾಕಿ ಮಾರಲು ಶುರು ಮಾಡಿದರು. ಅದನ್ನು ನೋಡಿ ಕಂಪನಿಯೇ 1973ರಿಂದ 1976ರವರೆಗೆ ಎಂಜಿಬಿ ಜಿಟಿ ವಿ8 ಅಂತ 2591 ಕಾರು ಮಾಡಿತು. 137 ಎಚ್‌ಪಿ, ಗಂಟೆಗೆ ಸುಮಾರು 125 ಮೈಲಿ ವೇಗ. ಅಂದರೆ ಎಲ್ಲಿ ಏನು ತಾಗುತ್ತದೆ, ಏನು ಬದಲಿಸಬೇಕು ಅನ್ನುವುದಕ್ಕೆ ಐವತ್ತು ವರ್ಷದ ಅನುಭವ ಇದೆ. ಮೊದಲ ಸಲ ಎಂಜಿನ್ ಬದಲಿಸುವವರು ಇಂಥ ತುಳಿದ ದಾರಿಯನ್ನೇ ಹಿಡಿಯಬೇಕು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಯಾರೂ ಹಾಕದ ಎಂಜಿನ್ ಹಾಕುವ ಆಸೆ ಎರಡನೇ ಕಾರಿಗೆ ಇರಲಿ.

ಕಾಗದಪತ್ರ ಮೊದಲು

ಸ್ಪ್ಯಾನರ್ ಹಿಡಿಯುವ ಮುಂಚೆ ಇದನ್ನು ಮುಗಿಸಿ. ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದರೆ ಎಂಜಿನ್ ನಂಬರ್ ಮತ್ತು ಸಿಸಿ ಎರಡನ್ನೂ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎಗೆ ತಿಳಿಸಿ ಲಾಗ್‌ಬುಕ್ಕಿನಲ್ಲಿ (ನಮ್ಮ ಆರ್‌ಸಿ ಥರದ್ದು) ಬದಲಿಸಿಕೊಳ್ಳಬೇಕು. ಎಂಜಿನ್ ಕೊಂಡ ರಸೀದಿ ಜೋಪಾನ, ಅದೇ ನಿಮ್ಮ ಪುರಾವೆ. ನಲವತ್ತು ವರ್ಷ ದಾಟಿದ ಕಾರಿಗೆ ಕಾರು ರಸ್ತೆಗೆ ಯೋಗ್ಯವಾ ಅಂತ ವರ್ಷಕ್ಕೊಮ್ಮೆ ನೋಡುವ ಎಂಒಟಿ ಪರೀಕ್ಷೆಯಿಂದ ವಿನಾಯಿತಿ ಇದೆ, ಆದರೆ ಕಳೆದ ಮೂವತ್ತು ವರ್ಷದಲ್ಲಿ ಕಾರನ್ನು ಗಣನೀಯವಾಗಿ ಬದಲಿಸಿದ್ದರೆ ಆ ವಿನಾಯಿತಿ ಇಲ್ಲ. ಸಿಲಿಂಡರುಗಳ ಸಂಖ್ಯೆ ಬದಲಾದರೆ ಅದು ಗಣನೀಯ ಬದಲಾವಣೆ ಆಗುವ ಸಂಭವ ಜಾಸ್ತಿ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಕಂಪನಿಯೇ ವಿ8 ಕಾರು ಮಾಡಿತ್ತಲ್ಲ ಅಂತ ವಾದ ಮಾಡಬಹುದು. ನನ್ನ ಮಾತು ಕೇಳಿದರೆ ವಾದವೇ ಬೇಡ, ಪ್ರತಿವರ್ಷ ಪರೀಕ್ಷೆ ಮಾಡಿಸಿ. ಮೂಲಕ್ಕಿಂತ ಒಂದೂವರೆ ಪಟ್ಟು, ಎರಡು ಪಟ್ಟು ಶಕ್ತಿ ಇರುವ ಹಳೆಯ ಕಾರಿನ ಬ್ರೇಕು, ಸ್ಟೀರಿಂಗು, ತುಕ್ಕು ಇವನ್ನು ಇನ್ನೊಬ್ಬರ ಕಣ್ಣು ನೋಡುವುದು ಒಳ್ಳೆಯದೇ ಅಲ್ವಾ? ಇನ್ಶೂರೆನ್ಸ್‌ನವರಿಗೂ ಮೊದಲೇ ಹೇಳಿ, ಕೆಲಸ ಮುಗಿದ ಮೇಲಲ್ಲ.

ಇದನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಓದುತ್ತಿರುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಹಾಗಾಗಿ ಅಲ್ಲಿ ಮೊದಲ ಹೆಜ್ಜೆ ಗ್ಯಾರೇಜಿಗಲ್ಲ, ಆರ್‌ಟಿಒಗೆ.

ಯಾವ ಎಂಜಿಬಿ, ಯಾವ ಎಂಜಿನ್

ಎಂಜಿಬಿಯಲ್ಲಿ ಎರಡು ಜಾತಿ: 1974ರವರೆಗಿನ ಕ್ರೋಮ್ ಬಂಪರಿನದು, ಆಮೇಲಿನ ಕಪ್ಪು ರಬ್ಬರ್ ಬಂಪರಿನದು. ನೋಡಲು ಕ್ರೋಮ್ ಚೆಂದ, ಬೆಲೆಯೂ ಅದಕ್ಕೇ ಜಾಸ್ತಿ. ಆದರೆ ವಿ8 ಹಾಕುವವರಿಗೆ ರಬ್ಬರ್ ಬಂಪರಿನದೇ ವರ. ಯಾಕೆಂದರೆ ಆ ಹೊತ್ತಿಗೆ ಕಂಪನಿ ನಾಲ್ಕು ಸಿಲಿಂಡರಿಗೂ ವಿ8ಗೂ ಒಂದೇ ಬಾಡಿ ಬಳಸಲು ಶುರು ಮಾಡಿತ್ತು. ಒಳಗಿನ ವಿಂಗುಗಳ (ಎಂಜಿನ್ನಿಗೂ ಮುಂದಿನ ಚಕ್ರಕ್ಕೂ ನಡುವಿನ ತಗಡು) ಆಕಾರ, ಎಂಜಿನ್ನನ್ನು ಹೊರುವ ಮೌಂಟು ಕೂರುವ ಜಾಗ ಎಲ್ಲ ವಿ8ಗೆ ಒಪ್ಪುವ ಹಾಗೇ ಇರುತ್ತದೆ. ಕ್ರೋಮ್ ಬಂಪರಿನ ಕಾರಾದರೆ ಒಳ ವಿಂಗಿನಲ್ಲಿ ಎಕ್ಸಾಸ್ಟಿಗೆ ಜಾಗ ಮಾಡಬೇಕು, ಎಂಜಿನ್ ಹಿಂದಿನ ತಗಡಿನ ಗೋಡೆಯಾದ ಬಲ್ಕ್‌ಹೆಡ್ ಒತ್ತಬೇಕು, ಮೌಂಟಿನ ಬ್ರಾಕೆಟ್ ಬೆಸುಗೆ ಹಾಕಬೇಕು. ಆಗದ್ದೇನಲ್ಲ. ಆದರೆ ಬೆಸುಗೆ ಬರದವರು ಅದಕ್ಕೆ ಕೈಹಾಕಬೇಡಿ.

ರಬ್ಬರ್ ಬಂಪರಿನ ಕಾರಿಗೆ ಒಂದು ದೋಷ ಇದೆ. ಅಮೆರಿಕದ ನಿಯಮಕ್ಕಾಗಿ ಅದನ್ನು ಒಂದೂವರೆ ಇಂಚು ಎತ್ತರ ಮಾಡಿದರು, ಅದರಿಂದ ತಿರುವಿನಲ್ಲಿ ವಾಲುತ್ತದೆ. ಸಸ್ಪೆನ್ಷನ್ ತಗ್ಗಿಸುವ ಕಿಟ್ ಸಿಗುತ್ತದೆ, ಎಂಜಿನ್ ಹೊರಗಿರುವಾಗಲೇ ಅದನ್ನೂ ಮುಗಿಸಿಬಿಡಿ.

ಬಾಡಿಯ ತುಕ್ಕು ನೋಡುವಾಗ ಕರುಣೆ ತೋರಿಸಬೇಡಿ. ಎಂಜಿಬಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಷಾಸಿ. ಬಾಗಿಲ ಕೆಳಗಿನ ಸಿಲ್ಲುಗಳು ಬರೀ ಅಲಂಕಾರಕ್ಕಲ್ಲ, ಕಾರನ್ನು ನೆಟ್ಟಗೆ ಹಿಡಿದಿರುವುದೇ ಅವು. ಓಪನ್ ಕಾರಿನಲ್ಲಂತೂ ಇನ್ನೂ ಜಾಸ್ತಿ. ಬಾಗಿಲು ತೆರೆದು, ಕಾರನ್ನು ಜ್ಯಾಕ್‌ನಲ್ಲಿ ಸ್ವಲ್ಪ ಎತ್ತಿ, ಬಾಗಿಲು ಮತ್ತೆ ಮುಚ್ಚಿ ನೋಡಿ. ಸಂದು ಕಿರಿದಾಗಿ ಬಾಗಿಲು ತಾಗುತ್ತಿದ್ದರೆ ಆ ಬಾಡಿಗೆ ವಿ8 ಬೇಡ, ಮೊದಲು ಸಿಲ್ಲು ಬೇಕು. ತೀರಾ ಕೆಟ್ಟಿದ್ದರೆ, 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು ಎಂಜಿಬಿಗೆ ಹೊಸ ಬಾಡಿಯನ್ನೇ ಮಾಡುತ್ತಿದ್ದಾರೆ. ದುಬಾರಿ, ಆದರೆ ದಾರಿ ಇದೆ.

ಇನ್ನು ಎಂಜಿನ್. 3.5, 3.9, 4.0, 4.2, 4.6 ಲೀಟರ್ ಅಂತ ಹಲವು ಇವೆ, ಹೊರಗಿನ ಆಕಾರ ಹೆಚ್ಚು ಕಡಿಮೆ ಒಂದೇ. ಎಲ್ಲರ ಕಣ್ಣು 4.6ರ ಮೇಲೆ. ನನ್ನ ಆಯ್ಕೆ ರೋವರ್ ಎಸ್‌ಡಿ1 ಕಾರಿನ 3.5. ಅದರಲ್ಲಿ 155 ಎಚ್‌ಪಿ ಇದೆ, ಒಂದು ಟನ್ನಿನ ಆಸುಪಾಸಿನ ಕಾರಿಗೆ ಅದು ಧಾರಾಳ. ದೊಡ್ಡ ಎಂಜಿನ್ನುಗಳಲ್ಲಿ ಸಿಲಿಂಡರಿನ ಬೋರು ಅಗಲ ಮಾಡಿದ್ದಾರೆ, ಅದರಿಂದ ಸುತ್ತಲಿನ ಅಲ್ಯೂಮಿನಿಯಂ ತೆಳುವಾಗಿದೆ. ಒಮ್ಮೆ ಚೆನ್ನಾಗಿ ಕಾದುಬಿಟ್ಟರೆ ಲೈನರಿನ (ಸಿಲಿಂಡರಿನೊಳಗಿನ ಕಬ್ಬಿಣದ ಕೊಳವೆ) ಹಿಂದೆ ಬಿರುಕು ಬಿಡುತ್ತದೆ, ಲೈನರ್ ಜಾರುತ್ತದೆ, ಹೊರಗೆ ಎಲ್ಲೂ ಸೋರದೆ ಕೂಲಂಟ್ ಕಮ್ಮಿಯಾಗುತ್ತಾ ಹೋಗುತ್ತದೆ. 4.6 ಬೇಕೇ ಬೇಕು ಅನ್ನುವವರು ಬ್ಲಾಕನ್ನು ಪ್ರೆಷರ್ ಟೆಸ್ಟ್ ಮಾಡಿಸಿಯೇ ಕೊಳ್ಳಿ, ಅಥವಾ ಮೇಲಂಚು ಇರುವ ಟಾಪ್ ಹ್ಯಾಟ್ ಲೈನರ್ ಹಾಕಿಸಿದ ಬ್ಲಾಕ್ ಹುಡುಕಿ. ಇನ್ನೊಂದು ವಿಷಯ, 1990ರ ದಶಕದ ಮಧ್ಯದಿಂದ ಈಚಿನ ಎಂಜಿನ್ನುಗಳಲ್ಲಿ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಕಾರ್ಬುರೇಟರ್ ಹಾಕುವ ಆಲೋಚನೆ ಇದ್ದರೆ ಮುಂದಿನ ಕವರ್ ಬದಲಿಸಬೇಕು, ಇಲ್ಲವೇ ಬೇರೆ ಇಗ್ನಿಷನ್ ಕೂರಿಸಬೇಕು. ಹಳೆಯ 3.5ರಲ್ಲಿ ಈ ತಲೆಬಿಸಿ ಇಲ್ಲ.

ಎಂಜಿನ್ ನೋಡಲು ಹೋದಾಗ ಹೆಡ್ಡಿನ ಮೇಲಿನ ಮುಚ್ಚಳವಾದ ರಾಕರ್ ಕವರ್ ತೆಗೆಸಿ. ಆಯಿಲ್ ಸರಿಯಾಗಿ ಬದಲಿಸದ ಎಂಜಿನ್ನಿನಲ್ಲಿ ಕಪ್ಪು ಗೊಜ್ಜು ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ಎಂಜಿನ್ನಿನ ದುರ್ಬಲ ಜಾಗ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್. ಅದರ ಉಬ್ಬುಗಳು ಸವೆದು ಎಂಜಿನ್ ಮೆಲ್ಲಗೆ ಶಕ್ತಿ ಕಳೆದುಕೊಳ್ಳುತ್ತದೆ, ಸದ್ದೂ ಮಾಡುವುದಿಲ್ಲ. ಇತಿಹಾಸ ಗೊತ್ತಿಲ್ಲದ ಎಂಜಿನ್ ಆದರೆ ಕ್ಯಾಮ್‌ಶಾಫ್ಟ್, ಅದರ ಉಬ್ಬುಗಳ ಮೇಲೆ ಕೂರುವ ಲಿಫ್ಟರುಗಳು, ಅದನ್ನು ತಿರುಗಿಸುವ ಟೈಮಿಂಗ್ ಚೈನ್ ಮೂರನ್ನೂ ಹೊಸದು ಹಾಕಿ. ಎಂಜಿನ್ ಸ್ಟ್ಯಾಂಡಿನ ಮೇಲಿದ್ದಾಗ ಇದು ಸಲೀಸು, ಕಾರಿನೊಳಗೆ ಕೂತ ಮೇಲೆ ಬೆನ್ನು ಮುರಿಯುತ್ತದೆ. ಒಂದು ಎಚ್ಚರ: ಬ್ಲಾಕೂ ಹೆಡ್ಡೂ ಅಲ್ಯೂಮಿನಿಯಂ ಆದ್ದರಿಂದ ಬೋಲ್ಟ್ ಕೂರುವ ತೂತಿನ ತಿರುಪಿನ ಗೆರೆ ಬೇಗ ಕಿತ್ತುಬರುತ್ತದೆ. ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಯಾವ ಬೋಲ್ಟನ್ನೂ ಬಿಗಿಯಬೇಡಿ.

ಸುಮ್ನೆ ಕೂರಿಸಿ ನೋಡುವುದು

ಹಳೆಯ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಒಟ್ಟಿಗೆ ಎತ್ತಿಬಿಡಿ. ಬಾನೆಟ್, ರೇಡಿಯೇಟರ್ ತೆಗೆದು, ಎಂಜಿನ್ ಕ್ರೇನಿಗೆ ಓರೆ ಮಾಡುವ ತಿರುಪಿನ ಕೊಂಡಿ ಹಾಕಿ ಎತ್ತಿದರೆ ಹೊರಗೆ ಬರುತ್ತದೆ. ಖಾಲಿಯಾದ ಜಾಗವನ್ನು ತೊಳೆದು, ತುಕ್ಕು ಕೆರೆದು ಇಡಿ. ಪೇಂಟ್ ಮಾತ್ರ ಈಗಲೇ ಬೇಡ.

ಈಗ ಮಾಡಬೇಕಾದದ್ದು ಸುಮ್ನೆ ಕೂರಿಸಿ ನೋಡುವ ಕೆಲಸ. ಜನ ಅವಸರ ಮಾಡುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳಗೆ ಏನೂ ಇಲ್ಲದ ಖಾಲಿ ಬ್ಲಾಕು, ಅದಕ್ಕೆ ಹೆಡ್ಡುಗಳು, ಮುಂದಿನ ಕವರ್, ತಳದ ಆಯಿಲ್ ತಟ್ಟೆಯಾದ ಸಂಪ್, ಗೇರ್‌ಬಾಕ್ಸ್ ಜೋಡಿಸಿ. ಹೊಗೆಯನ್ನು ಎಂಜಿನ್ನಿನಿಂದ ಪೈಪಿಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಎರಡೇ ಎರಡು ಬೋಲ್ಟಿನಲ್ಲಿ ನಿಲ್ಲಿಸಿ. ಅದನ್ನು ಮೌಂಟಿನ ಮೇಲೆ ಇಳಿಸಿ ಸುತ್ತಲೂ ಕೈಯಾಡಿಸಿ ನೋಡಿ. ಸ್ಟೀರಿಂಗ್ ಶಾಫ್ಟಿಗೂ ಮ್ಯಾನಿಫೋಲ್ಡಿಗೂ ನಡುವೆ ಕಿರುಬೆರಳು ತೂರುತ್ತದಾ? ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಮತ್ತೆ ನೋಡಿ, ಯಾಕೆಂದರೆ ಶಾಫ್ಟಿನ ಯುನಿವರ್ಸಲ್ ಜಾಯಿಂಟ್ ತಿರುಗುವಾಗ ಅದರ ಕಿವಿಗಳು ಹೊರಕ್ಕೆ ಬರುತ್ತವೆ, ನೇರ ನಿಂತಾಗ ತಾಗದ್ದು ಆಗ ತಾಗುತ್ತದೆ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ ಅನ್ನುವುದೂ ನೆನಪಿರಲಿ. ಸನ್ನೆಗೋಲು ಹಾಕಿ ಎಂಜಿನ್ನನ್ನು ಎಡಕ್ಕೂ ಬಲಕ್ಕೂ ಒತ್ತಿ ಮತ್ತೊಮ್ಮೆ ಎಲ್ಲ ಸಂದುಗಳನ್ನೂ ನೋಡಿ. ಮೌಂಟು ಎಳೆದಾಗಲೂ ಎಲ್ಲೂ ತಾಗಬಾರದು.

ಆಯಿಲ್ ಫಿಲ್ಟರ್ ಮೂಲ ಜಾಗದಲ್ಲಿ ಕೂರುವುದಿಲ್ಲ, ಅಡ್ಡ ಬರುತ್ತದೆ. ಕಂಪನಿಯವರೇ ಪೈಪ್ ಎಳೆದು ಫಿಲ್ಟರನ್ನು ಬೇರೆ ಕಡೆ ಇಟ್ಟಿದ್ದರು, ನೀವೂ ಹಾಗೇ ಮಾಡಿ, ಒಳ್ಳೆಯ ಹೆಣೆದ ಪೈಪನ್ನೇ ಬಳಸಿ.

ಎತ್ತರದ ವಿಷಯ. ಎಸ್‌ಡಿ1ರ ಕಾರ್ಬುರೇಟರುಗಳು ಎಂಜಿನ್ ಮೇಲೆ ಎತ್ತರಕ್ಕೆ ಕೂರುತ್ತವೆ, ಎಂಜಿಬಿ ಬಾನೆಟ್ ಮುಚ್ಚುವುದಿಲ್ಲ. ಕಾಸ್ಟೆಲೊ ಬಾನೆಟ್ಟಿಗೆ ಉಬ್ಬು ಹಾಕಿದರು. ಕಂಪನಿಯವರು ಕಾರ್ಬುರೇಟರ್ ಕೂರುವ ಮೇಲಿನ ಮ್ಯಾನಿಫೋಲ್ಡನ್ನೇ ಬೇರೆ ಮಾಡಿ ಎರಡು ಎಸ್‌ಯು ಕಾರ್ಬುರೇಟರುಗಳನ್ನು ಹಿಂದಕ್ಕೆ, ಬಲ್ಕ್‌ಹೆಡ್ ಕಡೆ ತಳ್ಳಿದರು. ಇವತ್ತು ಬಹಳ ಜನ ಹಾಕುವುದು ತಗ್ಗು ಮ್ಯಾನಿಫೋಲ್ಡಿನ ಮೇಲೆ ಒಂದು ನಾಲ್ಕು ಬಾಯಿಯ ಹಾಲಿ ಅಥವಾ ಎಡೆಲ್‌ಬ್ರಾಕ್ ಕಾರ್ಬುರೇಟರ್, ಮೇಲೊಂದು ತೆಳು ಏರ್ ಫಿಲ್ಟರ್. ಬಾನೆಟ್ ತಾಗುತ್ತದಾ ಅಂತ ನೋಡುವ ವಿಧಾನ ಸುಲಭ. ಮಕ್ಕಳು ಆಡುವ ಬಣ್ಣದ ಕ್ಲೇ ತಂದು ಏರ್ ಫಿಲ್ಟರಿನ ತಲೆಯ ಮೇಲೆ ನಾಲ್ಕು ಕಡೆ ಉಂಡೆ ಇಡಿ. ಬಾನೆಟ್ ಕೂರಿಸಿ, ಮೆಲ್ಲಗೆ ಮುಚ್ಚಿ, ಮತ್ತೆ ತೆಗೆಯಿರಿ. ಚಪ್ಪಟೆಯಾದ ಉಂಡೆಯನ್ನು ಚಾಕುವಿನಲ್ಲಿ ಕತ್ತರಿಸಿ ದಪ್ಪ ಅಳೆಯಿರಿ. ಅರ್ಧ ಇಂಚಿಗಿಂತ ಕಮ್ಮಿ ಇದ್ದರೆ ಎಂಜಿನ್ ಅಲ್ಲಾಡುವಾಗ ಬಾನೆಟ್ಟಿಗೆ ಬಡಿಯುತ್ತದೆ ಅಂತಲೇ ಲೆಕ್ಕ.

ಎಲ್ಲ ಸರಿ ಕಂಡ ಮೇಲೆ ಮತ್ತೆ ಎಲ್ಲ ಹೊರಗೆ ತೆಗೆದು, ಬಡಿಯಬೇಕಾದ್ದು ಬಡಿದು, ಬೆಸೆಯಬೇಕಾದ್ದು ಬೆಸೆದು, ಆಮೇಲೆ ಪೇಂಟ್ ಮಾಡಿ. ಈ ಕ್ರಮ ತಪ್ಪಬೇಡಿ.

ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲು

ಎಸ್‌ಡಿ1ರ ಐದು ಗೇರಿನ ಎಲ್‌ಟಿ77 ಗೇರ್‌ಬಾಕ್ಸ್ ಎಂಜಿನ್ನಿನ ಜೊತೆಗೇ ಸಿಕ್ಕರೆ ಕೊಂಡುಬಿಡಿ. ಬೆಲ್‌ಹೌಸಿಂಗ್, ಕ್ಲಚ್, ಫ್ಲೈವೀಲ್ ಎಲ್ಲ ಒಂದಕ್ಕೊಂದು ಹೊಂದುತ್ತವೆ, ಅಡಾಪ್ಟರ್ ಹುಡುಕುವ ಗೋಳಿಲ್ಲ. ಅದರ ನಂತರದ ಆರ್380 ಕೂಡ ಒಳ್ಳೆಯದೇ. ಎರಡಕ್ಕೂ ಟ್ರಾನ್ಸ್‌ಮಿಷನ್ ಟನಲ್ ಅಲ್ಲಲ್ಲಿ ಅಗಲ ಮಾಡಬೇಕು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸ ಅಳತೆಗೆ ಮಾಡಿಸಬೇಕು. ಕಾರಿನ ಭಾರ ನಾಲ್ಕೂ ಚಕ್ರದ ಮೇಲೆ ಇರುವಾಗ ಅಳೆಯಿರಿ, ಸ್ಟ್ಯಾಂಡಿನ ಮೇಲೆ ಆಕ್ಸಲ್ ಜೋತಾಡುತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಮಾಡಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸದೆ ಹಾಕಬೇಡಿ.

ಗೇರಿಂಗ್ ಬದಲಿಸದಿದ್ದರೆ ವಿ8ನ ಅರ್ಧ ಸುಖ ಹೋದ ಹಾಗೆ. ಎಂಜಿಬಿಯ ಮೂಲ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ಲಿನ ಗೇರು) ಅನುಪಾತ 3.909, ಅಂದರೆ ಚಕ್ರ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಅದರಲ್ಲಿ ನಾಲ್ಕನೇ ಗೇರಿನಲ್ಲಿ 1000 ಆರ್‌ಪಿಎಂಗೆ ಸುಮಾರು 18 ಮೈಲಿ ವೇಗ. ಮೋಟರ್‌ವೇ ಮೇಲೆ 70 ಮೈಲಿಗೆ ಎಂಜಿನ್ 3900ರಲ್ಲಿ ಕೂಗುತ್ತಿರುತ್ತದೆ. ಐದನೇ ಗೇರ್ ಇದ್ದರೂ 3100ಕ್ಕಿಂತ ಕೆಳಗೆ ಬರುವುದಿಲ್ಲ. ಕಂಪನಿಯ ವಿ8ಗೆ ಹಾಕಿದ್ದು 3.07. ಅದನ್ನು ಹಾಕಿದರೆ ಐದನೇ ಗೇರಿನಲ್ಲಿ 70 ಮೈಲಿಗೆ ಬರೀ 2500ರ ಆಸುಪಾಸು. ಎಂಜಿನ್ ಆರಾಮ, ಕಿವಿ ಆರಾಮ, ಪೆಟ್ರೋಲೂ ಉಳಿಯುತ್ತದೆ, ಬಿಸಿಯೂ ಕಮ್ಮಿ. 3.07ರ ಕ್ರೌನ್ ವೀಲ್, ಪಿನಿಯನ್ ಹೊಸದಾಗಿಯೇ ಸಿಗುತ್ತವೆ. ಹಿಂದಿನ ಟ್ಯೂಬ್ ಮಾದರಿಯ ಆಕ್ಸಲ್ ಇದನ್ನೆಲ್ಲ ತಡೆಯುತ್ತದೆ, 1960ರ ದಶಕದ ಹಳೆಯ ಬ್ಯಾಂಜೊ ಮಾದರಿಯ ಆಕ್ಸಲ್ ಇದ್ದರೆ ಬದಲಿಸಿ. ಡಿಫರೆನ್ಷಿಯಲ್ ಬದಲಾದ ಮೇಲೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಅದನ್ನೂ ಹೊಂದಿಸಿ.

ಬ್ರೇಕಿಗೆ ಕಂಪನಿ ದಪ್ಪ ಡಿಸ್ಕು, ಬೇರೆ ಕ್ಯಾಲಿಪರ್ ಹಾಕಿತ್ತು, ಜೊತೆಗೆ ಪೆಡಲ್ ಒತ್ತುವುದನ್ನು ಹಗುರ ಮಾಡುವ ಸರ್ವೊ. ಅದಕ್ಕಿಂತ ಕಮ್ಮಿ ಬೇಡ. ತಂತಿಯ ಕಡ್ಡಿಗಳ ವೈರ್ ವೀಲನ್ನು ಕಂಪನಿ ವಿ8ಗೆ ಕೊಡಲೇ ಇಲ್ಲ. ನೋಡಲು ಎಷ್ಟು ಚೆಂದ ಇದ್ದರೂ ಬಿಟ್ಟುಬಿಡಿ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಹಳೆಯದಾಗಿದ್ದರೆ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ಕುಪ್ಪಳಿಸುತ್ತದೆ, ಹೊಸದು ಹಾಕಿ.

ಬಿಸಿ

ಈಗ ನಿಜವಾದ ವಿಷಯ. ನಾಲ್ಕು ಸಿಲಿಂಡರಿನ ಎಂಜಿನ್ ಇದ್ದಾಗ ಎಂಜಿಬಿಯ ಬಾನೆಟ್ ಕೆಳಗೆ ಎರಡೂ ಪಕ್ಕ ಖಾಲಿ. ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಎಂಜಿನ್ ಪಕ್ಕದಲ್ಲೇ ಹಾದು ಕೆಳಗೆ ಹೋಗುತ್ತಿತ್ತು. ವಿ8 ಕೂತ ಮೇಲೆ ಆ ಜಾಗ ತುಂಬಿಹೋಯಿತು, ಅದೂ ಕೆಂಪಗೆ ಕಾಯುವ ಎಕ್ಸಾಸ್ಟ್ ಪೈಪುಗಳಿಂದ. ಎಂಜಿನ್ ಹುಟ್ಟಿಸುವ ಬಿಸಿ ಜಾಸ್ತಿ, ಹೊರಗೆ ಹೋಗುವ ದಾರಿ ಕಮ್ಮಿ. ರೇಡಿಯೇಟರ್ ಎಷ್ಟೇ ದೊಡ್ಡದು ಹಾಕಿ, ಅದರ ಹಿಂದಿನ ಗಾಳಿ ನಿಂತಲ್ಲೇ ನಿಂತರೆ ಮುಂದಿನಿಂದ ಹೊಸ ಗಾಳಿ ಒಳಗೆ ಬರುವುದೇ ಇಲ್ಲ. ಅದಕ್ಕೇ ಬಹಳ ಜನ ರೇಡಿಯೇಟರ್ ಮೇಲೆ ರೇಡಿಯೇಟರ್ ಬದಲಿಸಿ ದುಡ್ಡು ಸುರಿದರೂ ಸೂಜಿ ಇಳಿಯುವುದಿಲ್ಲ.

ಹಾಗಾಗಿ ಮೊದಲು ಎಕ್ಸಾಸ್ಟ್ ದಾರಿ ಯೋಚಿಸಿ. ಎರಡು ವಿಧ ಇದೆ. ಒಂದು, ಬ್ಲಾಕಿಗೆ ಅಂಟಿಕೊಂಡು ಕೆಳಗಿಳಿಯುವ ಮ್ಯಾನಿಫೋಲ್ಡ್. ಬಾಡಿ ಕತ್ತರಿಸಬೇಕಿಲ್ಲ, ಆದರೆ ಎಲ್ಲ ಬಿಸಿಯೂ ಒಳಗೇ, ಸ್ಟಾರ್ಟರ್ ಮೋಟಾರಿನ ಪಕ್ಕದಲ್ಲೇ, ಸ್ಪಾರ್ಕ್ ಪ್ಲಗ್ಗಿನ ವೈರುಗಳ ಕೆಳಗೇ. ಇನ್ನೊಂದು, ಒಳ ವಿಂಗಿನಲ್ಲಿ ತೂತು ಮಾಡಿ ಪೈಪುಗಳನ್ನು ಚಕ್ರದ ಕಡೆಗೆ ಹೊರಗೆ ಕಳಿಸಿ ಕೆಳಗಿಳಿಸುವುದು. 1993ರಿಂದ 1995ರವರೆಗೆ ರೋವರ್ ಮಾಡಿದ ಎಂಜಿ ಆರ್‌ವಿ8 ಕಾರಿನಲ್ಲಿ ಹೀಗೇ ಇತ್ತು, ಅದೂ ಎಂಜಿಬಿ ಬಾಡಿಯ ಮೇಲೆಯೇ ಕಟ್ಟಿದ 3.9 ಲೀಟರಿನ ಕಾರು. ತೂತು ಮಾಡಲು ಮನಸ್ಸು ಹಿಂಜರಿಯುವುದು ಸಹಜ. ಆದರೂ ನಾನು ಎರಡನೆಯದನ್ನೇ ಹೇಳುತ್ತೇನೆ. ಸ್ಟೀರಿಂಗ್ ಶಾಫ್ಟಿನ ಸುತ್ತ ಜಾಗ ಬಿಡುವಾಗುತ್ತದೆ, ಬಿಸಿಯ ದೊಡ್ಡ ಪಾಲು ಬಾನೆಟ್ ಕೆಳಗಿಂದ ಆಚೆ ಹೋಗುತ್ತದೆ, ಸ್ಪಾರ್ಕ್ ಪ್ಲಗ್ ಬದಲಿಸುವಾಗ ಕೈ ಸುಡುವುದಿಲ್ಲ.

ರೇಡಿಯೇಟರ್ ಮುಂದಕ್ಕೆ ಕೂರಬೇಕು, ಅದರ ಮುಂದೆ ಎರಡು ಎಲೆಕ್ಟ್ರಿಕ್ ಫ್ಯಾನು. ಎಂಜಿನ್ನಿಗೇ ಸಿಕ್ಕಿಸುವ ಫ್ಯಾನಿಗೆ ಇಲ್ಲಿ ಜಾಗ ಇಲ್ಲ. ಫ್ಯಾನುಗಳು ಗಾಳಿಯನ್ನು ಒಳಕ್ಕೆ ತಳ್ಳುವ ದಿಕ್ಕಿನಲ್ಲಿ ತಿರುಗುತ್ತಿವೆಯಾ ಅಂತ ಒಂದು ಹಾಳೆ ಹಿಡಿದು ನೋಡಿ, ವೈರ್ ಅದಲು ಬದಲಾದರೆ ಅವು ಎದುರು ದಿಕ್ಕಿಗೆ ಊದುತ್ತವೆ. ರೇಡಿಯೇಟರಿನ ಪಕ್ಕ ಮತ್ತು ಮೇಲಿನ ಸಂದುಗಳನ್ನು ತಗಡು, ರಬ್ಬರಿನಿಂದ ಮುಚ್ಚಿ. ಗಾಳಿಗೆ ಸುಲಭದ ಸಂದು ಸಿಕ್ಕರೆ ಅದು ರೇಡಿಯೇಟರಿನೊಳಗೆ ನುಗ್ಗುವ ಕಷ್ಟ ಪಡುವುದಿಲ್ಲ.

ಎಂಜಿನ್ನಿನ ಮೇಲಿರುವ ಥರ್ಮೋಸ್ಟಾಟಿನ ಜಾಗ ರೇಡಿಯೇಟರಿನ ಮುಚ್ಚಳಕ್ಕಿಂತ ಎತ್ತರದಲ್ಲಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೂಲಂಟ್ ತುಂಬುವಾಗ ಕಾರಿನ ಮೂತಿ ಜ್ಯಾಕ್‌ನಲ್ಲಿ ಎತ್ತಿ, ಅತಿ ಎತ್ತರದ ಜಾಗದಿಂದ ನಿಧಾನಕ್ಕೆ ತುಂಬಿ, ಪೈಪುಗಳನ್ನು ಕೈಯಲ್ಲಿ ಅಮುಕುತ್ತಾ ಇರಿ, ಗುಳುಗುಳು ಅಂತ ಗಾಳಿ ಬರುವುದು ನಿಲ್ಲುವ ತನಕ. ಅಲ್ಯೂಮಿನಿಯಂ ಎಂಜಿನ್ನಿಗೆ ಬರೀ ನೀರು ಯಾವತ್ತೂ ಬೇಡ. ವರ್ಷವಿಡೀ ಆಂಟಿಫ್ರೀಜ್ ಇರಬೇಕು, ಚಳಿಗಿಂತ ಹೆಚ್ಚಾಗಿ ಒಳಗೆ ಕೊರೆತ ಬೀಳದಿರಲಿ ಅಂತ.

ಪೆಟ್ರೋಲ್ ಪೈಪು ಎಕ್ಸಾಸ್ಟಿನಿಂದ ದೂರ ಇರಲಿ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಹತ್ತು ಶೇಕಡದವರೆಗೆ ಎಥನಾಲ್. ಹಳೆಯ ರಬ್ಬರ್ ಪೈಪುಗಳನ್ನು ಅದು ತಿನ್ನುತ್ತದೆ. ಎಲ್ಲ ಪೈಪು ಹೊಸದು ಹಾಕಿ, ಇ5 ಸೂಪರ್ ಪೆಟ್ರೋಲನ್ನೇ ಬಳಸಿ.

ವೈರಿಂಗ್ ಬಗ್ಗೆ ಎರಡೇ ಮಾತು. 1967ರ ಹಿಂದಿನ ಕಾರುಗಳಲ್ಲಿ ಬಾಡಿಗೆ ಜೋಡಿಸಿರುವುದು ಬ್ಯಾಟರಿಯ ಪಾಸಿಟಿವ್, ಅದನ್ನು ನೆಗೆಟಿವ್‌ಗೆ ಬದಲಿಸದೆ ಹೊಸ ಆಲ್ಟರ್ನೇಟರ್ ಜೋಡಿಸಬೇಡಿ. ಟ್ಯಾಕೊಮೀಟರ್ ನಾಲ್ಕು ಸಿಲಿಂಡರಿನ ಲೆಕ್ಕದ್ದು, ಎಂಟಕ್ಕೆ ಹೊಂದಿಸದಿದ್ದರೆ ಎರಡು ಪಟ್ಟು ತೋರಿಸುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವಾಗ

ಈ ಎಂಜಿನ್ನಿನ ಆಯಿಲ್ ಪಂಪ್ ಆಯಿಲಿನ ಮಟ್ಟಕ್ಕಿಂತ ಮೇಲಿದೆ. ಒಣಗಿದ ಪಂಪ್ ತಾನಾಗಿ ಆಯಿಲ್ ಎಳೆಯುವುದಿಲ್ಲ. ಪಂಪಿನ ಮುಚ್ಚಳ ತೆಗೆದು ಗೇರುಗಳ ನಡುವೆ, ಮೂಲೆಮೂಲೆಗೂ ವ್ಯಾಸಲೀನ್ ತುಂಬಿ. ಗ್ರೀಸ್ ಬೇಡ, ಅದು ಕರಗುವುದಿಲ್ಲ. ವ್ಯಾಸಲೀನ್ ಬಿಸಿಗೆ ಕರಗಿ ಆಯಿಲಿನಲ್ಲಿ ಸೇರಿಹೋಗುತ್ತದೆ. ಮುಚ್ಚಳ ಹಾಕಿ, 20ಡಬ್ಲ್ಯು50 ಆಯಿಲ್ ತುಂಬಿ, ಡಿಸ್ಟ್ರಿಬ್ಯೂಟರ್ ಹೊರಗೆ ತೆಗೆದು, ಅದರ ತೂತಿನಿಂದ ಪಂಪಿನ ಶಾಫ್ಟಿಗೆ ಉದ್ದನೆಯ ಬಿಟ್ ಸಿಕ್ಕಿಸಿ ಡ್ರಿಲ್‌ನಲ್ಲಿ ತಿರುಗಿಸಿ. ಮೊದಲು ಡ್ರಿಲ್ ಸಲೀಸಾಗಿ ಸುಯ್ ಅನ್ನುತ್ತದೆ. ಒಂದಷ್ಟು ಹೊತ್ತಿಗೆ ಸದ್ದು ಗಡುಸಾಗುತ್ತದೆ, ಡ್ರಿಲ್ ಮಣಿಕಟ್ಟನ್ನು ತಿರುಚಲು ನೋಡುತ್ತದೆ. ಆಯಿಲ್ ಹತ್ತಿತು ಅಂತ ಅರ್ಥ. ಆಯಿಲ್ ಪ್ರೆಷರ್ ಗೇಜಿನ ಸೂಜಿ ಏರುವುದನ್ನು ಕಣ್ಣಾರೆ ನೋಡದೆ ಮುಂದಕ್ಕೆ ಹೋಗಬೇಡಿ.

ಇಗ್ನಿಷನ್ ಕ್ರಮ 1-8-4-3-6-5-7-2. ಡ್ರೈವರ್ ಸೀಟಿನಿಂದ ನೋಡಿದರೆ ಎಡಸಾಲು ಬೆಸ ಸಂಖ್ಯೆ, ಬಲಸಾಲು ಸರಿ ಸಂಖ್ಯೆ. ವೈರುಗಳನ್ನು ಎರಡು ಸಲ ಪರೀಕ್ಷಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವ ಹಾಗೆ ಇರಲಿ, ಕಾರು ಬಯಲಿನಲ್ಲಿರಲಿ, ಜೊತೆಗೊಬ್ಬರಿರಲಿ.

ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ ಎಂಜಿನ್ ಹತ್ತಿಕೊಂಡ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ, 20 ನಿಮಿಷ ಅದರ ಕೆಳಗೆ ಇಳಿಸಬೇಡಿ, ಐಡಲ್‌ನಲ್ಲಿ ಬಿಡಲೇಬೇಡಿ. ಕ್ಯಾಮಿನ ಉಬ್ಬುಗಳಿಗೆ ಆಯಿಲ್ ಚಿಮ್ಮುವುದು ವೇಗ ಇದ್ದಾಗ ಮಾತ್ರ, ಈ 20 ನಿಮಿಷದಲ್ಲಿ ಅವು ಹದಕ್ಕೆ ಬರುತ್ತವೆ ಇಲ್ಲವೇ ಹಾಳಾಗುತ್ತವೆ. ಜಿಂಕ್ ಜಾಸ್ತಿ ಇರುವ ಆಯಿಲ್ ಬಳಸಿ. ಲಿಫ್ಟರುಗಳು ಮೊದಲು ಟಕಟಕ ಅನ್ನುವುದು ಮಾಮೂಲು, ಆಯಿಲ್ ತುಂಬಿದ ಮೇಲೆ ಸುಮ್ಮನಾಗುತ್ತವೆ. ಆಯಿಲ್ ಪ್ರೆಷರ್ ನೋಡಿ ಗಾಬರಿ ಬೀಳಬೇಡಿ. ಎಂಜಿಬಿಯ ಹಳೆಯ ಎಂಜಿನ್ನಿನಲ್ಲಿ 60ರ ಆಸುಪಾಸು ನೋಡಿ ಅಭ್ಯಾಸ ಆದವರಿಗೆ ಇದು ಕಮ್ಮಿ ಅನಿಸುತ್ತದೆ. ಎಂಜಿನ್ ಬಿಸಿಯಾದ ಮೇಲೆ 2400 ಆರ್‌ಪಿಎಂನಲ್ಲಿ 30ರಿಂದ 40 ಪಿಎಸ್ಐ ಬಂದರೆ ಅದು ಕಂಪನಿಯೇ ಹೇಳಿದ ಅಳತೆ.

ಆಮೇಲೆ ಮೊದಲ 500 ಮೈಲಿ ಊರ ಹತ್ತಿರವೇ ಓಡಿಸಿ. ಪ್ರತಿ ಸಲ ವಾಪಸ್ ಬಂದು ಎಂಜಿನ್ ತಣ್ಣಗಾದ ಮೇಲೆ ಕೂಲಂಟ್ ಮಟ್ಟ ನೋಡಿ, ಸಿಕ್ಕಿಕೊಂಡ ಗಾಳಿ ಹೊರಬಂದ ಹಾಗೆಲ್ಲ ಅದು ಇಳಿಯುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟುಗಳು ಕಾದು ತಣಿದು ಸಡಿಲವಾಗುತ್ತವೆ, ಮತ್ತೆ ಬಿಗಿಯಿರಿ. ಸ್ಟೀರಿಂಗ್ ಶಾಫ್ಟಿನ ಮೇಲೆ, ಒಳ ವಿಂಗಿನ ತೂತಿನ ಅಂಚಿನಲ್ಲಿ ಹೊಳೆಯುವ ಗೀರು ಕಂಡರೆ ಅಲ್ಲಿ ಏನೋ ತಾಗುತ್ತಿದೆ ಅಂತಲೇ, ಮುಂದಿನ ಸಲ ಓಡಿಸುವ ಮುಂಚೆ ಸರಿ ಮಾಡಿ. ಒಂದು ಬಿಸಿಲಿನ ದಿನ ಬೇಕಂತಲೇ ಟ್ರಾಫಿಕ್ಕಿನಲ್ಲಿ ನಿಂತು ಫ್ಯಾನು ಯಾವಾಗ ಶುರುವಾಗುತ್ತದೆ, ಸೂಜಿ ಎಲ್ಲಿ ನಿಲ್ಲುತ್ತದೆ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದಾ ನೋಡಿ. ಬಿಸಿಯಲ್ಲಿ ಸ್ಟಾರ್ಟರ್ ಸುಸ್ತಾಗಿ ತಿರುಗಿದರೆ ಅದಕ್ಕೊಂದು ತಗಡಿನ ಮರೆ ಹಾಕಿ, ಇಲ್ಲವೇ ಒಳಗೆ ಗೇರ್ ಇರುವ ಹೊಸ ಮಾದರಿಯ ಚಿಕ್ಕ ಸ್ಟಾರ್ಟರ್ ತನ್ನಿ. 500 ಮೈಲಿ ಮುಗಿದ ಕೂಡಲೇ ಆಯಿಲ್, ಫಿಲ್ಟರ್ ಎರಡೂ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗೆ ಲೋಹದ ಚೂರು ಇದೆಯಾ ಅಂತ ಮ್ಯಾಗ್ನೆಟ್ ಹಿಡಿದು ನೋಡಿ. ಕಬ್ಬಿಣದ ಪುಡಿ ಜಾಸ್ತಿ ಅಂಟಿಕೊಂಡರೆ ಕ್ಯಾಮ್‌ಶಾಫ್ಟ್ ಸವೆಯುತ್ತಿದೆ, ಆಗ ಓಡಿಸುವುದನ್ನು ನಿಲ್ಲಿಸಿ ಮೇಲಿನ ಮ್ಯಾನಿಫೋಲ್ಡ್ ತೆಗೆದು ಲಿಫ್ಟರುಗಳ ತಳ ಪರೀಕ್ಷಿಸಿ.